ದಾರಿ ಕಾಯುವ ಮನೆಗಳು

(ಶತಮಾನೋತ್ಸವದ ಅಂಗವಾಗಿ ಏರ್ಪಟ್ಟ ಕುಟುಂಬ ದಿನಾಚರಣೆಯಲ್ಲಿ ಮಾಡಿದ ಭಾಷಣ)



ನಮ್ಮ ದೇವಾಲಯದ ನೂರು ವರ್ಷಗಳ ಚರಿತ್ರೆಯನ್ನು ನಮಗಿಂತ ಬಲ್ಲವರು ಈಗಾಗಲೇ ನಿಮ್ಮ ಮುಂದಿಟ್ಟಿದ್ದಾರೆ. ಕುಟುಂಬ ದಿನದ ಈ ಸಭೆಯಲ್ಲಿ ನಮ್ಮ ಪಾಲಿಗೆ ಬಂದ ವಿಷಯ ಬೇರೆ. ಅಮೆರಿಕದಲ್ಲಿ ಕಾಯಂ ನೆಲೆಸುವ ಅನುಮತಿಗಾಗಿ, ಎಂದರೆ ಜನರ ಬಾಯಲ್ಲಿ 'ಗ್ರೀನ್ ಕಾರ್ಡ್' ಎನಿಸಿಕೊಂಡಿರುವ ಪತ್ರಕ್ಕಾಗಿ, ವರ್ಷಗಟ್ಟಲೆ ಕಾಯುವ ಕುಟುಂಬಗಳು ಆ ಕಾಲವನ್ನು ಹೇಗೆ ಬಾಳಬೇಕು ಎಂಬುದೇ ಆ ವಿಷಯ. ಭತ್ತದ ನಾಡಾದ ಸಿರುಗುಪ್ಪಕ್ಕೂ ಈ ಕಾಗದಕ್ಕೂ ಎಲ್ಲಿಯ ನಂಟು ಎಂದು ಕೆಲವರಿಗೆ ಅನ್ನಿಸಬಹುದು. ಆದರೆ ಎಂಜಿನಿಯರಿಂಗ್ ಓದಿದ ಮಗ, ದಾದಿಯ ತರಬೇತಿ ಪಡೆದ ಮಗಳು ಮೊದಲು ಬೆಂಗಳೂರಿಗೆ, ಹೈದರಾಬಾದಿಗೆ ಹೋಗಿ, ಅಲ್ಲಿಂದ ಸಮುದ್ರ ದಾಟುವುದು ಈಗ ಬಳ್ಳಾರಿ ಸೀಮೆಗೆ ಹೊಸತಲ್ಲ. ಭಾನುವಾರದ ಪೂಜೆ ಮುಗಿಸಿ ಹೊರಬಂದಾಗ 'ಕರೆ ಬಂತೇ?' ಎಂದು ಒಬ್ಬರನ್ನೊಬ್ಬರು ಕೇಳುವುದೂ ಹೊಸತಲ್ಲ. ಆ ಪ್ರಶ್ನೆಯ ಹಿಂದಿರುವ ಭಾರವನ್ನು ಹಂಚಿಕೊಳ್ಳುವುದು ಧರ್ಮಕೇಂದ್ರವೊಂದರ ಕರ್ತವ್ಯವೆಂದು ನಾವು ನಂಬಿದ್ದೇವೆ.

ಮೊದಲು ಈ ಕಾಯುವಿಕೆ ಎಂಥದೆಂದು ತಿಳಿಯೋಣ. ಏತಕ್ಕೆಂದರೆ ಅರ್ಥವಾಗದ ವಿಳಂಬವೇ ಮನುಷ್ಯನನ್ನು ಹೆಚ್ಚು ಕುಗ್ಗಿಸುತ್ತದೆ. ಅಮೆರಿಕದ ಪೌರನೊಬ್ಬನು ತನ್ನ ಪತ್ನಿಗಾಗಿ, 21 ವರ್ಷ ತುಂಬದ ಅವಿವಾಹಿತ ಮಕ್ಕಳಿಗಾಗಿ, ತಂದೆತಾಯಿಗಳಿಗಾಗಿ ಅರ್ಜಿ ಸಲ್ಲಿಸಿದರೆ ಅಂಥವರಿಗೆ ವಾರ್ಷಿಕ ಮಿತಿಯಿಲ್ಲ. ಕಚೇರಿಯ ಕೆಲಸ ಮುಗಿಯುವಷ್ಟು ಕಾಲ ಕಾದರೆ ಸಾಕು. ಆದರೆ ಅಣ್ಣತಮ್ಮಂದಿರು, ಅಕ್ಕತಂಗಿಯರು, ವಯಸ್ಸಿಗೆ ಬಂದ ಮಕ್ಕಳು, ಉದ್ಯೋಗದ ಮೂಲಕ ಅರ್ಜಿ ಹಾಕಿದವರು ಇವರೆಲ್ಲ ಸರದಿಯಲ್ಲಿ ನಿಲ್ಲಬೇಕು. ಅರ್ಜಿ ದಾಖಲಾದ ದಿನವೇ ಅವರ ಸರದಿಯ ದಿನಾಂಕ. ಅಮೆರಿಕದ ವಿದೇಶಾಂಗ ಇಲಾಖೆಯು ಪ್ರತಿ ತಿಂಗಳೂ 'ವೀಸಾ ಬುಲೆಟಿನ್' ಎಂಬ ಪ್ರಕಟಣೆ ಹೊರಡಿಸಿ, ಯಾವ ದಿನಾಂಕದವರೆಗಿನವರ ಸರದಿ ಬಂದಿದೆಯೆಂದು ಸಾರುತ್ತದೆ. ಸರದಿ ಬಂದವರ ಕಾಗದಪತ್ರಗಳ ಪರಿಶೀಲನೆ, ನಿಗದಿಯಾದ ವೈದ್ಯರಿಂದ ದೇಹಪರೀಕ್ಷೆ, ಕೊನೆಗೆ ಕಾನ್ಸುಲೇಟಿನಲ್ಲಿ ಸಂದರ್ಶನ ಇವು ಆ ಮೇಲಿನ ಮೆಟ್ಟಿಲುಗಳು. ಅಮೆರಿಕದಲ್ಲೇ ಇರುವವರು ಅಲ್ಲಿಯ ವಲಸೆ ಕಚೇರಿಯ ಮುಂದೆ ಹಾಜರಾಗಬೇಕು. ಹೀಗೆ ಇದು ಒಂದರ ಮೇಲೊಂದು ಬಂದ ಎರಡು ಕಾಯುವಿಕೆ: ಮೊದಲು ಸರದಿಗಾಗಿ, ಬಳಿಕ ಸಂದರ್ಶನಕ್ಕಾಗಿ.

ಎಷ್ಟು ಕಾಲ? 2025ರ ಪ್ರಕಟಣೆಗಳಲ್ಲಿ, ಭಾರತದಲ್ಲಿ ಹುಟ್ಟಿದ ಸಹೋದರ ಸಹೋದರಿಯರ ವರ್ಗದಲ್ಲಿ 2006ರಲ್ಲಿ ಅರ್ಜಿ ಹಾಕಿಸಿಕೊಂಡವರ ಸರದಿ ನಡೆದಿತ್ತು. ಉದ್ಯೋಗದ ಎರಡನೆಯ ಮತ್ತು ಮೂರನೆಯ ವರ್ಗಗಳಲ್ಲಿ 2013ರ ಆಸುಪಾಸಿನ ದಿನಾಂಕಗಳಿದ್ದವು. ಅರ್ಜಿಯ ದಿನ ತೊಟ್ಟಿಲಲ್ಲಿದ್ದ ಮಗು ಸಂದರ್ಶನದ ಹೊತ್ತಿಗೆ ಕಾಲೇಜು ಸೇರಿರುತ್ತದೆ ಎಂದರೆ ಅದು ಉತ್ಪ್ರೇಕ್ಷೆಯಲ್ಲ. ದಿನಾಂಕ ಸದಾ ಮುಂದಕ್ಕೇ ಸರಿಯುತ್ತದೆಂಬ ಭರವಸೆಯೂ ಇಲ್ಲ. ಬೇಡಿಕೆ ಹೆಚ್ಚಿದಾಗ ಅದು ಹಿಂದಕ್ಕೂ ಜಾರುತ್ತದೆ. 2020ರ ಮಾರ್ಚ್ ತಿಂಗಳಲ್ಲಿ ಕೊರೋನಾ ಪಿಡುಗಿನಿಂದ ಜಗತ್ತಿನ ಎಲ್ಲ ಅಮೆರಿಕನ್ ಕಾನ್ಸುಲೇಟುಗಳಲ್ಲಿ ವಾಡಿಕೆಯ ವೀಸಾ ಕೆಲಸ ನಿಂತುಹೋದಾಗ, ಸರದಿ ಬಂದವರೂ ಬಾಗಿಲ ಹೊರಗೆ ಉಳಿದರು.

ಇದಕ್ಕೆ ಕಾರಣವೇನೆಂಬುದನ್ನು ಸಿರುಗುಪ್ಪದ ರೈತನಿಗೆ ವಿವರಿಸುವುದು ಸುಲಭ. ತುಂಗಭದ್ರಾ ಕೆಳಮಟ್ಟದ ಕಾಲುವೆಯಲ್ಲಿ ಊರು ಚಿಕ್ಕದಿರಲಿ ದೊಡ್ಡದಿರಲಿ, ಪ್ರತಿ ಊರಿಗೂ ಒಂದೇ ಅಳತೆಯ ತೂಬು ಇಟ್ಟಿದ್ದಾರೆಂದು ಊಹಿಸಿಕೊಳ್ಳಿರಿ. ನೂರು ಎಕರೆಯ ಊರಿಗೆ ನೀರು ಬೇಗನೆ ಸಾಕಾಗುತ್ತದೆ. ಹತ್ತು ಸಾವಿರ ಎಕರೆಯ ಊರಿನಲ್ಲಿ ಕೊನೆಯ ಗದ್ದೆಯವನು ಆಕಾಶ ನೋಡುತ್ತ ಕೂರಬೇಕಾಗುತ್ತದೆ. ಅಮೆರಿಕದ 1990ರ ವಲಸೆ ಕಾನೂನು ಹೆಚ್ಚುಕಡಿಮೆ ಹೀಗೆಯೇ ಇದೆ. ಸರದಿಯ ವರ್ಗಗಳಲ್ಲಿ ವರ್ಷಕ್ಕೆ ಕುಟುಂಬದ ಲೆಕ್ಕದಲ್ಲಿ ಕನಿಷ್ಠ 2,26,000, ಉದ್ಯೋಗದ ಲೆಕ್ಕದಲ್ಲಿ 1,40,000 ವೀಸಾಗಳು. ಯಾವುದೇ ಒಂದು ದೇಶದಲ್ಲಿ ಹುಟ್ಟಿದವರಿಗೆ ಇದರಲ್ಲಿ ಶೇಕಡಾ 7ಕ್ಕಿಂತ ಹೆಚ್ಚು ಸಾಮಾನ್ಯವಾಗಿ ಸಲ್ಲುವುದಿಲ್ಲ. ಐಸ್‌ಲೆಂಡ್‌ನಂಥ ಪುಟ್ಟ ದೇಶಕ್ಕೂ ಭಾರತಕ್ಕೂ ತೂಬಿನ ಅಳತೆ ಒಂದೇ. ಆದುದರಿಂದ ನಮ್ಮ ಮಕ್ಕಳ ವಿಳಂಬವು ಅವರ ಅಯೋಗ್ಯತೆಯ ಗುರುತಲ್ಲ, ದೇವರ ಅವಕೃಪೆಯ ಗುರುತಂತೂ ಅಲ್ಲವೇ ಅಲ್ಲ. ಅದು ಒಂದು ಲೆಕ್ಕದ ಫಲ.

ಆ ಬಾಗಿಲು ನಮ್ಮವರಿಗೆ ಹಿಂದೆ ಇದಕ್ಕಿಂತ ಬಿಗಿಯಾಗಿತ್ತೆಂಬುದನ್ನೂ ನೆನೆಯಬೇಕು. 1923ರಲ್ಲಿ ಭಗತ್ ಸಿಂಗ್ ತಿಂದ್ ಎಂಬ ಪಂಜಾಬಿಯ ಮೊಕದ್ದಮೆಯಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು, ಭಾರತೀಯನು 'ಬಿಳಿಯ'ನಲ್ಲವಾದ ಕಾರಣ ಪೌರತ್ವಕ್ಕೆ ಅರ್ಹನಲ್ಲ ಎಂದು ತೀರ್ಪಿತ್ತಿತು. 1924ರ ಕಾನೂನು ಏಷ್ಯದವರ ವಲಸೆಯನ್ನು ಬಹುಮಟ್ಟಿಗೆ ಮುಚ್ಚಿಯೇ ಬಿಟ್ಟಿತು. 1946ರಲ್ಲಿ ಭಾರತಕ್ಕೆ ವರ್ಷಕ್ಕೆ 100 ಜನರ ಪ್ರಮಾಣ ದೊರೆಯಿತು. 1965ರ ಕಾನೂನು ಹುಟ್ಟುನೆಲದ ಆ ಹಳೆಯ ತಾರತಮ್ಯವನ್ನು ತೆಗೆದುಹಾಕಿದ ಮೇಲೆಯೇ ನಮ್ಮ ವೈದ್ಯರಿಗೂ ದಾದಿಯರಿಗೂ ಎಂಜಿನಿಯರುಗಳಿಗೂ ದಾರಿ ತೆರೆದದ್ದು. ಮನುಷ್ಯರು ಮಾಡಿದ ಕಾನೂನು ಮನುಷ್ಯರಿಂದಲೇ ಬದಲಾಗುತ್ತದೆ. ಆದರೆ ಅದು ನಮ್ಮ ಮನೆಯ ಗಡಿಯಾರ ನೋಡಿ ಬದಲಾಗುವುದಿಲ್ಲ.

ಈಗ ಕಾಯುವ ಮನೆಯೊಳಗೆ ಬರೋಣ. ಅಲ್ಲಿ ನಿಧಾನವಾಗಿ ಒಂದು ರೋಗ ಅಂಟಿಕೊಳ್ಳುತ್ತದೆ. ಸೋರುವ ಮಾಳಿಗೆಯನ್ನು ರಿಪೇರಿ ಮಾಡಿಸುವುದಿಲ್ಲ, 'ಹೇಗೂ ಹೋಗುವವರೇ ಅಲ್ಲವೇ' ಎನ್ನುತ್ತಾರೆ. ಹೊಲವನ್ನು ಗುತ್ತಿಗೆಗೆ ಕೊಟ್ಟು ಕೈತೊಳೆದುಕೊಳ್ಳುತ್ತಾರೆ. ಮಗನು ಕೈಗೆ ಬಂದ ಕೆಲಸವನ್ನು ಬಿಡುತ್ತಾನೆ. ಮಗಳ ಮದುವೆಯ ಮಾತು ಬಂದರೆ 'ಕಾಗದ ಬರಲಿ' ಎನ್ನುತ್ತಾರೆ. ಪಾಲನಾ ಸಮಿತಿಗೆ ಬನ್ನಿ ಎಂದರೆ 'ನಾವು ಇನ್ನೆಷ್ಟು ದಿನ' ಎನ್ನುತ್ತಾರೆ. ಹೀಗೆ ಐದು ವರ್ಷ, ಹತ್ತು ವರ್ಷ. ದೇಹ ಸಿರುಗುಪ್ಪದಲ್ಲಿ, ಮನಸ್ಸು ನ್ಯೂಜೆರ್ಸಿಯಲ್ಲಿ. ಬಾಳುವೆ ಎರಡೂ ಕಡೆ ಇಲ್ಲ. ಸಂದರ್ಶನದ ಕರೆ ತಡವಾಗುವುದು ಕಷ್ಟವೇ ಹೌದು. ಆದರೆ ಅದು ಬರುವವರೆಗೆ ಬಾಳನ್ನೇ ಮುಂದೂಡುವುದು ಆ ಕಷ್ಟಕ್ಕಿಂತ ದೊಡ್ಡ ನಷ್ಟ. ಇಂದು ನಾವು ಹೇಳಬೇಕೆಂದಿರುವ ಮಾತಿನ ತಿರುಳು ಇಷ್ಟೇ.

ಶ್ರೀಗ್ರಂಥದಲ್ಲಿ ಇದಕ್ಕೆ ನೇರವಾದ ಮಾರ್ಗದರ್ಶನವಿದೆ. ಸೆರೆಯಾಗಿ ಬಾಬಿಲೋನಿಗೆ ಒಯ್ಯಲ್ಪಟ್ಟ ಯೆಹೂದ್ಯರು ನಾಳೆಯೇ ಮರಳುತ್ತೇವೆಂಬ ಭ್ರಮೆಯಲ್ಲಿದ್ದರು. ಹಾಗೆಂದು ಸಾರುವ ಸುಳ್ಳು ಪ್ರವಾದಿಗಳಿಗೂ ಕೊರತೆಯಿರಲಿಲ್ಲ. ಆಗ ಪ್ರವಾದಿ ಯೆರೆಮೀಯನು ಜೆರುಸಲೇಮಿನಿಂದ ಅವರಿಗೊಂದು ಪತ್ರ ಬರೆದನು. ಅವನ ಗ್ರಂಥದ 29ನೆಯ ಅಧ್ಯಾಯದಲ್ಲಿ ಅದು ಇದೆ. ಇರುವಲ್ಲೇ ಮನೆ ಕಟ್ಟಿಕೊಳ್ಳುವಂತೆ, ತೋಟ ಮಾಡಿ ಅದರ ಫಲ ಉಣ್ಣುವಂತೆ, ಮಕ್ಕಳಿಗೆ ಮದುವೆ ಮಾಡುವಂತೆ, ತಾವು ಸೇರಿದ ಪಟ್ಟಣದ ಒಳಿತಿಗಾಗಿ ಪ್ರಾರ್ಥಿಸುವಂತೆ ಅವನು ಅವರಿಗೆ ತಿಳಿಸಿದನು. ಬಿಡುಗಡೆಯ ವಾಗ್ದಾನವನ್ನು ಅವನು ಅಳಿಸಲಿಲ್ಲ. ಆದರೆ ಅದು ಎಪ್ಪತ್ತು ವರ್ಷಗಳ ಮಾತೆಂದು ಮುಚ್ಚುಮರೆಯಿಲ್ಲದೆ ಹೇಳಿದನು. ನಿರೀಕ್ಷೆಯನ್ನೂ ಬಿಡಬಾರದು, ಬಾಳನ್ನೂ ಬಿಡಬಾರದು. ನಮ್ಮ ರೈತನೂ ಹೀಗೆಯೇ ಅಲ್ಲವೇ? ಕಾಲುವೆಗೆ ನೀರು ಬಿಡುವ ದಿನ ತನ್ನ ಕೈಯಲ್ಲಿಲ್ಲವೆಂದು ಅವನು ಬಲ್ಲ. ಆದರೂ ಬದು ಕಟ್ಟುತ್ತಾನೆ, ಸಸಿಮಡಿ ಹಾಕುತ್ತಾನೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೆಯ ಗೇಟು ಕೊಚ್ಚಿಹೋದಾಗ ಈ ಸೀಮೆಯೆಲ್ಲ ತಲ್ಲಣಿಸಿತು. ಆದರೂ ನಾಟಿ ಮಾಡಿದ ಗದ್ದೆಯ ಕಳೆ ತೆಗೆಯುವುದನ್ನು ಯಾರೂ ನಿಲ್ಲಿಸಲಿಲ್ಲ.

ಇನ್ನು ಕೈಗೊಳ್ಳಬೇಕಾದ ಕೆಲಸಗಳನ್ನು ಒಂದೊಂದಾಗಿ ಹೇಳೋಣ.

ಮೊದಲನೆಯದು ಕಾಗದಪತ್ರಗಳ ಮಾತು. ಜನನ ಮರಣ ನೋಂದಣಿಯ ಕಾನೂನು 1969ರದು. ಅದಕ್ಕಿಂತ ಮುಂಚೆ ಹುಟ್ಟಿದ ನಮ್ಮ ಹಿರಿಯರಲ್ಲಿ ಅನೇಕರಿಗೆ ಸರ್ಕಾರಿ ಜನನ ಪತ್ರವೇ ಇಲ್ಲ. ಅಂಥವರು ಜನನದ ದಾಖಲೆ ಸಿಗಲಿಲ್ಲವೆಂಬ ಪ್ರಮಾಣಪತ್ರವನ್ನು ಸಂಬಂಧಪಟ್ಟ ಕಚೇರಿಯಿಂದ ಪಡೆದು, ಬೇರೆ ಸಾಕ್ಷ್ಯಗಳನ್ನು ಒದಗಿಸಬೇಕಾಗುತ್ತದೆ. ಆ ಸಾಕ್ಷ್ಯಗಳಲ್ಲಿ ನಮ್ಮ ದೇವಾಲಯದ ಜ್ಞಾನಸ್ನಾನದ ರಿಜಿಸ್ಟರಿಗೂ ಸ್ಥಾನವಿದೆ. ಮಗು ಹುಟ್ಟಿದ ಎರಡು ತಿಂಗಳೊಳಗೆ ಜ್ಞಾನಸ್ನಾನವಾಗಿದ್ದು, ಹುಟ್ಟಿದ ದಿನ, ಸ್ಥಳ, ತಂದೆತಾಯಿಗಳ ಹೆಸರು ಅದರಲ್ಲಿದ್ದು, ದೇವಾಲಯದ ಮುದ್ರೆಯುಳ್ಳ ಪ್ರತಿಯನ್ನು ಅಮೆರಿಕದ ವಲಸೆ ಇಲಾಖೆ ಪೂರಕ ಸಾಕ್ಷ್ಯವಾಗಿ ಪರಿಗಣಿಸುತ್ತದೆ. ಮಗುವಿಗೆ ತಡಮಾಡದೆ ಜ್ಞಾನಸ್ನಾನ ಕೊಡಿಸಿರೆಂದು ಹಿಂದಿನ ಗುರುಗಳು ಒತ್ತಾಯಿಸುತ್ತಿದ್ದುದು ಆತ್ಮದ ಹಿತಕ್ಕಾಗಿ. ಅವರು ಶಾಯಿಯಲ್ಲಿ ಬರೆದಿಟ್ಟ ಆ ಸಾಲು ಇಂದು ಲೋಕದ ವ್ಯವಹಾರಕ್ಕೂ ನೆರವಾಗುತ್ತಿದೆ.

ಆದರೆ ಹೆಸರುಗಳ ತೊಡಕೊಂದಿದೆ. ರಿಜಿಸ್ಟರಿನಲ್ಲಿ ಪೀಟರ್, ಶಾಲೆಯಲ್ಲಿ ರಾಯಪ್ಪ, ಪಾಸ್‌ಪೋರ್ಟಿನಲ್ಲಿ ತಂದೆಯ ಇನಿಷಿಯಲ್ ಹಿಗ್ಗಿ ಮೂರನೆಯ ಹೆಸರು. ಪಾಲ್ ಎಂದು ಜ್ಞಾನಸ್ನಾನ ಪಡೆದವನು ಊರಿಗೆಲ್ಲ ಚಿನ್ನಪ್ಪ. ನಮಗೆ ಇವರಿಬ್ಬರೂ ಒಬ್ಬರೇ ಎಂದು ಗೊತ್ತು. ದೂರದ ಅಧಿಕಾರಿಗೆ ಗೊತ್ತಿಲ್ಲ. ಹತ್ತು ವರ್ಷ ಕಾದು ಸಂದರ್ಶನಕ್ಕೆ ಹೋದ ದಿನ ಈ ತೊಡಕು ಬಿಡಿಸಲು ಹೊರಟರೆ ಮತ್ತಷ್ಟು ತಿಂಗಳು ಕಾಯಬೇಕಾದೀತು. ಕಾಯುವ ಕಾಲದಲ್ಲೇ ಶಾಂತವಾಗಿ ಕುಳಿತು ಎಲ್ಲ ಪತ್ರಗಳ ಹೆಸರು, ದಿನಾಂಕಗಳನ್ನು ಹೋಲಿಸಿರಿ. ಕಾನೂನಿನ ಪ್ರಕಾರ ಸರಿಪಡಿಸಿಕೊಳ್ಳಿರಿ. ವಿಳಾಸ ಬದಲಾದರೆ ತಿಳಿಸಿರಿ. ಸರದಿ ಬಂತೆಂಬ ಸೂಚನೆ ತಲುಪಿದ ಮೇಲೆ ಒಂದು ವರ್ಷದೊಳಗೆ ಪ್ರತಿಕ್ರಿಯಿಸದಿದ್ದರೆ ಅರ್ಜಿಯೇ ಕೈಬಿಟ್ಟುಹೋಗಬಹುದು. ಇಪ್ಪತ್ತು ವರ್ಷ ಕಾದು, ಹಳೆಯ ವಿಳಾಸಕ್ಕೆ ಹೋದ ಒಂದು ಪತ್ರದಿಂದ ಎಲ್ಲವನ್ನೂ ಕಳೆದುಕೊಳ್ಳುವಂತಾಗಬಾರದು. ಆದರೆ ವೈದ್ಯ ಪರೀಕ್ಷೆ, ಪೊಲೀಸ್ ಪ್ರಮಾಣಪತ್ರಗಳಿಗೆ ಕಾಲಾವಧಿ ಉಂಟು. ಅವನ್ನು ಬಹು ಮುಂಚೆಯೇ ಮಾಡಿಸಿಟ್ಟು ಫಲವಿಲ್ಲ. ವೀಸಾ ಕೈಗೆ ಬರುವವರೆಗೆ ಮನೆ, ಹೊಲ ಮಾರಬೇಡಿರಿ, ನೌಕರಿ ಬಿಡಬೇಡಿರಿ ಎಂದು ಆ ಸರ್ಕಾರವೇ ಎಚ್ಚರಿಸುತ್ತದೆ.

ಎರಡನೆಯದು ಮದುವೆ. ಇದು ನಮ್ಮ ಧರ್ಮಸಭೆಗೆ ಅತಿ ಹತ್ತಿರದ ವಿಷಯ. ಗ್ರೀನ್ ಕಾರ್ಡ್ ಪಡೆದ, ಇನ್ನೂ ಪೌರಳಾಗದ ತಾಯಿಯು ಮದುವೆಯಾಗದ ಮಗಳಿಗಾಗಿ ಅರ್ಜಿ ಹಾಕಿದ್ದರೆ, ಮಗಳು ಮದುವೆಯಾದೊಡನೆ ಆ ಅರ್ಜಿ ಬಿದ್ದುಹೋಗುತ್ತದೆ. ತಾಯಿ ಪೌರಳಾಗಿದ್ದರೆ ಬೀಳದು. ಆದರೆ ವಿವಾಹಿತ ಮಕ್ಕಳ ವರ್ಗಕ್ಕೆ ಸರಿದು ಸರದಿ ಇನ್ನಷ್ಟು ಉದ್ದವಾಗುತ್ತದೆ. ಈ ಕಾರಣದಿಂದ ವಯಸ್ಸು ಮೀರುತ್ತಿದ್ದರೂ ಮಕ್ಕಳ ಮದುವೆಯನ್ನು ತಡೆಹಿಡಿಯುವ ಮನೆಗಳುಂಟು. ಗುಟ್ಟಾಗಿ ಮದುವೆ ಮಾಡಿ ಅವಿವಾಹಿತಳೆಂದು ಬರೆದುಕೊಡೋಣವೆಂಬ ಪಿಸುಮಾತೂ ಅಲ್ಲಲ್ಲಿ ಕೇಳಿಬರುತ್ತದೆ. ಪ್ರಿಯರೇ, ಮದುವೆಯು ಸಂಸ್ಕಾರ. ದೇವಾಲಯದಲ್ಲಿ ಪ್ರಕಟಿಸಿ, ಸಾಕ್ಷಿಗಳ ಮುಂದೆ ನಡೆಸಿ, ರಿಜಿಸ್ಟರಿನಲ್ಲಿ ಬರೆಯುವ ವಿಧಿ ಅದು. ಅದನ್ನು ಅಡಗಿಸಿ ಸುಳ್ಳು ಹೇಳಿದರೆ ಆತ್ಮಕ್ಕೆ ಹಾನಿ. ಸುಳ್ಳು ಬಯಲಾದರೆ ಆ ದೇಶದ ಬಾಗಿಲು ಜೀವನಪರ್ಯಂತ ಮುಚ್ಚಬಹುದು. ಹಾಗಾದರೆ ಏನು ಮಾಡಬೇಕು? ಮಗಳನ್ನೂ ಕೂರಿಸಿಕೊಂಡು ಮನೆಯವರೆಲ್ಲ ಕೂಡಿ ಕಾನೂನನ್ನು ತಿಳಿದು, ಉಳಿದ ವರ್ಷಗಳನ್ನು ಲೆಕ್ಕ ಹಾಕಿ, ಬಹಿರಂಗವಾಗಿ ನಿರ್ಧರಿಸಬೇಕು. ಒಂದೆರಡು ವರ್ಷದ ಮಾತಾದರೆ ಆಕೆ ತಾನಾಗಿ ಕಾಯಲು ಒಪ್ಪಬಹುದು. ಎಂಟು ಹತ್ತು ವರ್ಷಗಳಾದರೆ, ಯಾವ ದೇಶದ ಕಾರ್ಡೂ ಒಬ್ಬ ಹೆಣ್ಣುಮಗಳ ಸಂಸಾರಕ್ಕೆ ಸಮನಲ್ಲ ಎಂದು ನಾವು ಹೇಳುತ್ತೇವೆ. ಆ ನಿರ್ಧಾರ ಆಕೆಯದಾಗಿರಲಿ, ಆಕೆಯ ಮೇಲೆ ಹೇರಿದ್ದಾಗದಿರಲಿ.

ಮೂರನೆಯದು ಮಕ್ಕಳ ವಯಸ್ಸು. 21 ತುಂಬಿದ ಮಕ್ಕಳು ತಂದೆತಾಯಿಗಳ ಅರ್ಜಿಯ ನೆರಳಿನಿಂದ ಹೊರಬೀಳುತ್ತಾರೆ. 2002ರಲ್ಲಿ ಬಂದ ಒಂದು ಕಾನೂನು ಇದಕ್ಕೆ ಸ್ವಲ್ಪ ಪರಿಹಾರ ಒದಗಿಸಿದೆ: ಅರ್ಜಿ ಮಂಜೂರಾಗಲು ಕಚೇರಿ ತೆಗೆದುಕೊಂಡ ಕಾಲವನ್ನು ಮಗುವಿನ ವಯಸ್ಸಿನಿಂದ ಕಳೆಯಬಹುದು. ಸರದಿ ಬಂದಾಗ ಮಗನಿಗೆ 23 ವರ್ಷವಾಗಿದ್ದು, ಮಂಜೂರಾತಿಗೆ 3 ವರ್ಷ ಹಿಡಿದಿದ್ದರೆ, ಕಾನೂನಿನ ಕಣ್ಣಿಗೆ ಅವನ ವಯಸ್ಸು 20. ಆದರೆ ಅವನು ಅವಿವಾಹಿತನಾಗಿರಬೇಕು, ಒಂದು ವರ್ಷದೊಳಗೆ ಮುಂದಿನ ಹೆಜ್ಜೆಯನ್ನೂ ಇಟ್ಟಿರಬೇಕು. ಈ ಲೆಕ್ಕವನ್ನು ಬಲ್ಲವರಿಂದ ಮೊದಲೇ ಮಾಡಿಸಿಕೊಳ್ಳಿರಿ. ಲೆಕ್ಕಕ್ಕೆ ಸಿಗದ ಮಕ್ಕಳಿಗೆ ಸತ್ಯವನ್ನು ಸಮಯಕ್ಕೆ ಸರಿಯಾಗಿ ಹೇಳಿರಿ. 'ನೀನು ಅಮೆರಿಕಕ್ಕೆ ಹೋಗುವವನು' ಎಂದು ಹೇಳಿಹೇಳಿ, ಇಲ್ಲಿಯ ಓದಿನಲ್ಲಿ ಮನಸ್ಸು ನಿಲ್ಲದಂತೆ ಬೆಳೆಸಿ, ಕೊನೆಗೆ ಅವನನ್ನೊಬ್ಬನನ್ನೇ ಬಿಟ್ಟು ಹೋಗಬೇಕಾದ ದಿನ ಬಂದರೆ ಆ ಗಾಯ ಮಾಯುವುದು ಕಷ್ಟ. ಮಗು ಇಲ್ಲಿಯೇ ಬಾಳುವುದಾದರೂ ತಲೆಯೆತ್ತಿ ಬಾಳುವಂತೆ ಅದಕ್ಕೆ ವಿದ್ಯೆ, ವೃತ್ತಿ, ಕನ್ನಡ ಎಲ್ಲವನ್ನೂ ಕೊಡಿಸಿರಿ.

ನಾಲ್ಕನೆಯದು ದಲ್ಲಾಳಿಗಳ ಕಾಟ. ಕಾಯುವವನ ಆತುರವೇ ಮೋಸಗಾರನ ಬಂಡವಾಳ. ಹಣ ಕೊಟ್ಟರೆ ಸರದಿ ಹಿಂದೆ ಹಾಕಿಸುತ್ತೇವೆ ಎನ್ನುವವನು ಸುಳ್ಳುಗಾರ. ಸರದಿಯ ದಿನಾಂಕವನ್ನು ಯಾರೂ ಮಾರಲಾರರು. 'ನಿಮಗೆ ಗ್ರೀನ್ ಕಾರ್ಡ್ ಲಾಟರಿ ಬಂದಿದೆ' ಎಂಬ ಸಂದೇಶಗಳೂ ಬರುತ್ತವೆ. ಭಾರತದಲ್ಲಿ ಹುಟ್ಟಿದವರಿಗೆ ಆ ಲಾಟರಿಯಲ್ಲಿ ಸಾಮಾನ್ಯವಾಗಿ ಪ್ರವೇಶವೇ ಇಲ್ಲ. ಹೊಲ ಅಡವಿಟ್ಟು ಇಂಥವರ ಕೈಗೆ ಹಣ ಕೊಡುವ ಮುನ್ನ ಗುರುಗಳನ್ನೋ ತಿಳಿದ ವಕೀಲರನ್ನೋ ಕಂಡು ವಿಚಾರಿಸಿರಿ.

ಐದನೆಯದು, ಹಿರಿಯರ ಮಾತು. ಅಮೆರಿಕದಲ್ಲಿ ಉದ್ಯೋಗದ ವೀಸಾದ ಮೇಲಿದ್ದು ಕಾರ್ಡಿಗಾಗಿ ಕಾಯುವ ಮಗನು ಊರಿಗೆ ಬಂದುಹೋಗುವುದು ನಾವು ತಿಳಿದಷ್ಟು ಸರಾಗವಲ್ಲ. ಹಿಂದಿರುಗಲು ಅನೇಕ ವೇಳೆ ಇಲ್ಲಿಯ ಕಾನ್ಸುಲೇಟಿನಲ್ಲಿ ಮತ್ತೆ ವೀಸಾ ಮುದ್ರೆ ಹಾಕಿಸಬೇಕು. 2025ರ ಡಿಸೆಂಬರ್ ತಿಂಗಳಲ್ಲಿ ಭಾರತದಲ್ಲಿ ಇಂಥ ಅನೇಕ ಸಂದರ್ಶನಗಳು ಹಲವು ತಿಂಗಳು ಮುಂದಕ್ಕೆ ಹೋದವು. ರಜೆಗೆ ಬಂದವರು ಕೆಲಸಕ್ಕೂ ಸಂಸಾರಕ್ಕೂ ಮರಳಲಾರದೆ ಸಿಕ್ಕಿಕೊಂಡರು. ಆದುದರಿಂದ ತಾಯಿಯ ಮಣ್ಣಿಗೆ ಬಾರದ ಮಗನನ್ನು ಕಲ್ಲೆದೆಯವನೆಂದು ತೀರ್ಪು ಕೊಡುವ ಮುನ್ನ ನಾವು ನಾಲಗೆಯನ್ನು ಬಿಗಿಹಿಡಿಯಬೇಕು. ಸಾವಿರಾರು ಮೈಲಿ ದೂರದಲ್ಲಿ ಫೋನಿನ ಪರದೆಯ ಮೇಲೆ ಶವಸಂಸ್ಕಾರ ನೋಡಿದವನ ದುಃಖ ಅವನಿಗೇ ಗೊತ್ತು. ಮಕ್ಕಳಿಗೂ ಒಂದು ಮಾತು: ಹಣ ಕಳುಹಿಸುವುದರಿಂದ ಮಾತ್ರ ಸೇವೆ ಮುಗಿಯುವುದಿಲ್ಲ. ಕಾರ್ಡ್ ಬಂದ ಮೇಲೆ ನೋಡಿಕೊಳ್ಳುತ್ತೇವೆಂಬ ಮಾತು ಎಂಬತ್ತು ವರ್ಷದ ತಾಯಿಗೆ ಅನ್ವಯಿಸದು. ಆಕೆಯ ಸರದಿಯ ದಿನಾಂಕವನ್ನು ಯಾವ ಬುಲೆಟಿನ್ನೂ ಪ್ರಕಟಿಸುವುದಿಲ್ಲ. ದಿನಕ್ಕೊಮ್ಮೆ ಕರೆ ಮಾಡಿರಿ. ಸಂಜೆಯ ಜಪಮಾಲೆಯ ಹೊತ್ತಿಗೆ ಮಾಡಿದರೆ ಇನ್ನೂ ಒಳ್ಳೆಯದು.

ಕಾಯುವವರು ಬಾಯಿ ಮುಚ್ಚಿಕೊಂಡು ಕೂರಬೇಕೆಂದೂ ನಾವು ಹೇಳುತ್ತಿಲ್ಲ. 2007ರ ಜುಲೈ ತಿಂಗಳ ಬುಲೆಟಿನ್ ಉದ್ಯೋಗದ ವರ್ಗಗಳಲ್ಲಿ ಬಹುತೇಕ ಎಲ್ಲರ ಸರದಿಯೂ ಬಂತೆಂದು ಸಾರಿತು. ಸಾವಿರಾರು ಜನ ವೈದ್ಯ ಪರೀಕ್ಷೆಗೆ, ವಕೀಲರಿಗೆ ಹಣ ಸುರಿದು ಅರ್ಜಿ ಸಿದ್ಧಪಡಿಸಿದರು. ಜುಲೈ 2ರಂದು, ವೀಸಾಗಳು ಮುಗಿದಿವೆ, ಅರ್ಜಿ ತೆಗೆದುಕೊಳ್ಳುವುದಿಲ್ಲ ಎಂಬ ಘೋಷಣೆ ಬಂತು. ನಮ್ಮ ದೇಶದ ತರುಣರು ಕಲ್ಲೆಸೆಯಲಿಲ್ಲ, ಬೈಯಲಿಲ್ಲ. ಗಾಂಧೀಜಿಯ ದಾರಿ ಹಿಡಿದು, ಜುಲೈ 10ರಂದು ವಲಸೆ ಇಲಾಖೆಯ ನಿರ್ದೇಶಕರಿಗೆ ನೂರಾರು ಹೂಗುಚ್ಛಗಳನ್ನು ಕಳುಹಿಸಿದರು. ಆ ಹೂಗಳನ್ನು ಗಾಯಗೊಂಡ ಸೈನಿಕರ ಆಸ್ಪತ್ರೆಗಳಿಗೆ ಕಳುಹಿಸಲಾಯಿತು. ಜುಲೈ 17ರಂದು ಇಲಾಖೆ ತನ್ನ ನಿಲುವನ್ನು ಬದಲಿಸಿ ಆಗಸ್ಟ್ 17ರವರೆಗೆ ಅರ್ಜಿ ಸ್ವೀಕರಿಸಿತು. ಕಾರ್ಡ್ ಕೈಸೇರಲು ಅವರಲ್ಲಿ ಅನೇಕರು ಮತ್ತೆ ವರ್ಷಗಟ್ಟಲೆ ಕಾದರು ನಿಜ. ಆದರೂ ಸೌಜನ್ಯ ಬಿಡದೆ ನ್ಯಾಯ ಕೇಳಬಹುದೆಂಬುದನ್ನು ಅವರು ತೋರಿಸಿಕೊಟ್ಟರು.

ಪ್ರಾರ್ಥನೆಯ ವಿಷಯವಾಗಿಯೂ ಸ್ಪಷ್ಟವಾಗಿರೋಣ. ನವದಿನ ಪ್ರಾರ್ಥನೆ ಮಾಡಿದೆವು, ಮಾತೆಗೆ ಹರಕೆ ಹೊತ್ತೆವು, ಆದರೂ ಸಂದರ್ಶನದ ದಿನ ಬರಲಿಲ್ಲ ಎಂದು ನೊಂದು ದೇವಾಲಯಕ್ಕೆ ಬರುವುದನ್ನೇ ಬಿಟ್ಟವರಿದ್ದಾರೆ. ಪ್ರಾರ್ಥನೆಯು ಕಚೇರಿಯ ಕಡತವನ್ನು ಎಳೆಯುವ ಹಗ್ಗವಲ್ಲ. ಅದು ಕಾಯುವವನ ಬೆನ್ನಿಗೆ ಆಸರೆ. ಬಾಲ ಯೇಸುವನ್ನು ದೇವಾಲಯಕ್ಕೆ ತಂದ ದಿನ ಅಲ್ಲಿದ್ದವರು ಯಾರು? ಜೀವಮಾನವೆಲ್ಲ ಕಾದಿದ್ದ ಸಿಮೆಯೋನ, ಮುಪ್ಪಿನ ವಿಧವೆ ಅನ್ನ. ಅವರು ಕಾಯುತ್ತಿದ್ದುದರಿಂದ ಅವರ ದಿನಗಳು ಬರಿದಾಗಲಿಲ್ಲ. ಉಪವಾಸ, ಪ್ರಾರ್ಥನೆ, ಸೇವೆಗಳಿಂದ ತುಂಬಿದ್ದವು. ಪವಿತ್ರ ಕುಟುಂಬವೂ ಈಜಿಪ್ಟಿನಲ್ಲಿ ಹೆರೋದನ ಮರಣದವರೆಗೆ ಕಾದಿತ್ತು. ಸಂತ ಜೋಸೆಫರು ಅಲ್ಲಿ ಉಳಿ ಸುತ್ತಿಗೆಗಳನ್ನು ಕಟ್ಟಿಟ್ಟು ಕೂತಿದ್ದರೆಂದು ನಾವು ನಂಬಲಾರೆವು. 1952ರಲ್ಲಿ ಹನ್ನೆರಡನೆಯ ಪಯಸ್ ಜಗದ್ಗುರುಗಳು ವಲಸಿಗರನ್ನು ಕುರಿತು ಪ್ರಕಟಿಸಿದ ಪತ್ರದಲ್ಲಿ, ನಾಡು ಬಿಟ್ಟ ಎಲ್ಲ ಕುಟುಂಬಗಳಿಗೂ ಈ ನಜರೇತಿನ ಕುಟುಂಬವೇ ಮಾದರಿಯೆಂದು ಬೋಧಿಸಿದರು. ವಲಸಿಗರ ಪಾಲಕಿಯಾದ ಸಂತ ಫ್ರಾನ್ಸಿಸ್ ಕ್ಸೇವಿಯರ್ ಕಬ್ರೀನಿ ತಾವೇ ಇಟಲಿಯಿಂದ ಹೋದ ವಲಸಿಗರು. 1909ರಲ್ಲಿ ಅಮೆರಿಕದ ಪೌರತ್ವ ಪಡೆದವರು. ಕಾಯುವ ಮನೆಗಳು ಅವರ ಮಧ್ಯಸ್ಥಿಕೆಯನ್ನು ಬೇಡಲಿ.

ಇಲ್ಲಿ ನಮ್ಮ ಕಣ್ಣನ್ನು ಹತ್ತಿರಕ್ಕೂ ತಿರುಗಿಸಬೇಕು. ನಮ್ಮ ಮಕ್ಕಳು ಪರದೇಶದಲ್ಲಿ ಪರಕೀಯರಾಗಿರುವಂತೆ ನಮ್ಮ ನಡುವೆಯೂ ಪರಕೀಯರಿದ್ದಾರೆ. ತುಂಗಭದ್ರೆಯ ಆಚೆ ದಡದ ಸಿಂಧನೂರು ತಾಲ್ಲೂಕಿನ ಪುನರ್ವಸತಿ ಶಿಬಿರಗಳಲ್ಲಿ, ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರು ಐದು ದಶಕಗಳಿಂದ ನೆಲೆಸಿದ್ದಾರೆ. ಅವರಲ್ಲಿ ಕೆಲವರಿಗೆ ಪೌರತ್ವದ ಪತ್ರ ದೊರೆತದ್ದು 2024ರಲ್ಲಿ. ಅವರ ಕಾಯುವಿಕೆಯ ಮುಂದೆ ನಮ್ಮದು ಹಗುರ. 1953ರಲ್ಲಿ ಕಾಲುವೆಗೆ ನೀರು ಬಂದ ಬಳಿಕ ಆಂಧ್ರದ ಕರಾವಳಿಯಿಂದ ಬಂದ ರೈತರು ಕಟ್ಟಿಕೊಂಡ ಕ್ಯಾಂಪುಗಳು ಇಂದು ಈ ಸೀಮೆಯ ಊರುಗಳೇ ಆಗಿವೆ. ಹೊರಗಿನವರನ್ನು ಹೇಗೆ ನಡೆಸಿಕೊಳ್ಳುತ್ತೇವೆ ಎಂಬುದರಲ್ಲಿ ನಮ್ಮ ಪ್ರಾರ್ಥನೆಯ ಸತ್ಯ ತಿಳಿಯುತ್ತದೆ. ನಮ್ಮ ಮಕ್ಕಳಿಗೆ ಅಲ್ಲಿ ಬಾಗಿಲು ತೆರೆಯಲೆಂದು ಬೇಡುವ ನಾವು ಇಲ್ಲಿ ಬಾಗಿಲು ಮುಚ್ಚಲಾಗದು.

ಕೊನೆಗೆ, ಶತಮಾನೋತ್ಸವದ ನೆನಪಾಗಿ ಮೂರು ಕೆಲಸಗಳನ್ನು ಧರ್ಮಕೇಂದ್ರದ ಮುಂದಿಡುತ್ತೇವೆ. ಒಂದು, ಹಳೆಯ ಜ್ಞಾನಸ್ನಾನ, ಮದುವೆ, ಮರಣದ ರಿಜಿಸ್ಟರುಗಳನ್ನು ಗೆದ್ದಲು ತೇವಗಳಿಂದ ಕಾಪಾಡಿ, ಅವುಗಳ ಛಾಯಾಪ್ರತಿ ತೆಗೆಸಿ, ಹೆಸರುಗಳ ಅಕಾರಾದಿಯನ್ನು ಸಿದ್ಧಪಡಿಸುವುದು. 1983ರ ಧರ್ಮಸಭೆಯ ಕಾನೂನು ಸಂಹಿತೆಯ 535ನೆಯ ನಿಯಮವು ಈ ಪುಸ್ತಕಗಳ ಜೋಪಾನವನ್ನು ನಮ್ಮ ಮೇಲೆ ಹೊರಿಸಿದೆ. ಎರಡು, ಮಕ್ಕಳು ಹೊರದೇಶದಲ್ಲಿದ್ದು ಒಂಟಿಯಾಗಿರುವ ಹಿರಿಯರ ಪಟ್ಟಿ ಮಾಡಿ, ತಿಂಗಳಿಗೊಮ್ಮೆ, ಮೊದಲ ಶುಕ್ರವಾರದ ವಾರದಲ್ಲಿ, ಇಬ್ಬಿಬ್ಬರಂತೆ ಅವರ ಮನೆಗೆ ಹೋಗಿ ಕುಳಿತು ಮಾತನಾಡಿ ಬರುವುದು. ಮೂರು, ಇಂಗ್ಲಿಷ್ ಪತ್ರಗಳನ್ನು ಓದಿ ಅರ್ಥ ಹೇಳಬಲ್ಲ ವಿದ್ಯಾವಂತ ಯುವಕ ಯುವತಿಯರು ಭಾನುವಾರ ಪೂಜೆಯ ನಂತರ ಒಂದು ಗಂಟೆ ಕಾಲ ಲಭ್ಯರಿರುವುದು. ಅವರು ವಕೀಲರಾಗಬೇಕಿಲ್ಲ, ಹೆದರಿದವರಿಗೆ ಪತ್ರದಲ್ಲಿ ಏನಿದೆಯೆಂದು ಹೇಳಿದರೆ ಸಾಕು.

ಕಾಯುವ ಮನೆಗಳೇ, ನಿಮ್ಮಲ್ಲಿ ಕೆಲವರಿಗೆ ಕರೆ ಬರುತ್ತದೆ. ಸಂತೋಷದಿಂದ ಹೋಗಿ ಬನ್ನಿರಿ. ಅಲ್ಲಿಯ ದೇವಾಲಯದಲ್ಲಿ ಹಿಂದಿನ ಬೆಂಚಿನಲ್ಲಿ ಅಡಗದೆ ಮುಂದೆ ಬಂದು ಸೇವೆ ಸಲ್ಲಿಸಿರಿ. ಕೆಲವರಿಗೆ ಕರೆ ಬಾರದೆಯೂ ಹೋಗಬಹುದು. ಅರ್ಜಿ ಹಾಕಿದ ಅಣ್ಣನೇ ತೀರಿಕೊಂಡರೆ ಅರ್ಜಿ ಸಾಮಾನ್ಯವಾಗಿ ಅವನೊಂದಿಗೇ ಮುಗಿಯುತ್ತದೆ. ಅಂಥವರು ತಾವು ಸೋತೆವೆಂದು ಭಾವಿಸಬಾರದು. ಮಾಳಿಗೆ ಸರಿಪಡಿಸಿ, ಹೊಲ ಉತ್ತು, ಮಕ್ಕಳಿಗೆ ಮದುವೆ ಮಾಡಿ, ನೆರೆಯವರ ಕಷ್ಟಕ್ಕೆ ಒದಗಿ ಬಾಳಿದ ವರ್ಷಗಳು ಯಾವ ಕಚೇರಿಯ ತೀರ್ಮಾನದಿಂದಲೂ ಅಳಿಸಿಹೋಗುವುದಿಲ್ಲ. ಹೋಗುವವರಿಗೂ ಉಳಿಯುವವರಿಗೂ ಈ ಬಲಿಪೀಠ ಒಂದೇ. ಇಲ್ಲಿಂದ ಹೊರಟವರ ಹೆಸರೂ ಇಲ್ಲೇ ಉಳಿದವರ ಹೆಸರೂ ಒಂದೇ ರಿಜಿಸ್ಟರಿನ ಪುಟಗಳಲ್ಲಿವೆ.

 ಪವಿತ್ರ ಕುಟುಂಬದ ಆಶ್ರಯವು ನಮ್ಮೆಲ್ಲ ಮನೆಗಳ ಮೇಲಿರಲಿ.